ಮನೆಶಾಲೆಯ ಮಕ್ಕಳಿಗೆ ಗ್ರಂಥಾಲಯ, ವಿಜ್ಞಾನ ಕೇಂದ್ರ, ಒಡನಾಟ: ಯಾವುದನ್ನು ಯಾವುದಕ್ಕೆ ಆರಿಸಬೇಕು?

ಮಕ್ಕಳಿಗೆ ಮನೆಯಲ್ಲೇ ಕಲಿಸಲು ನಿರ್ಧರಿಸಿದ ತಂದೆತಾಯಿ ಮೊದಲು ಹುಡುಕುವುದು ಪಠ್ಯಕ್ರಮವನ್ನು. ಅದು ಸುಲಭವಾಗಿ ಸಿಗುತ್ತದೆ. ರಾಜ್ಯ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಎನ್‌ಸಿಇಆರ್‌ಟಿಯ ಪುಸ್ತಕಗಳೂ ಪಿಡಿಎಫ್ ರೂಪದಲ್ಲಿ ಉಚಿತವಾಗಿವೆ. ಒಂದು ಸಂಜೆಯಲ್ಲಿ ಇಡೀ ವರ್ಷದ ಪಠ್ಯ ಕೈಗೆ ಬರುತ್ತದೆ. ಕೊರತೆ ಕಾಣಿಸಿಕೊಳ್ಳುವುದು ಅದರ ನಂತರ. ಶಾಲೆ ಸದ್ದಿಲ್ಲದೆ ಒದಗಿಸುತ್ತಿದ್ದ ಹಲವು ಬಗೆಯ ಓದು, ಮುಟ್ಟಿ ನೋಡಬಹುದಾದ ಉಪಕರಣಗಳು, ಓರಗೆಯ ಮಕ್ಕಳ ಒಡನಾಟ ಮತ್ತು ಕೊನೆಗೊಂದು ಮಾನ್ಯತೆಯುಳ್ಳ ಪರೀಕ್ಷೆ, ಇವೆಲ್ಲವನ್ನೂ ಹೊರಗಿನಿಂದ ಹೊಂದಿಸಿಕೊಳ್ಳಬೇಕಾಗುತ್ತದೆ. ಕರ್ನಾಟಕದಲ್ಲಿ ಇವಕ್ಕೆ ದೊರೆಯುವ ಸಾರ್ವಜನಿಕ ಮತ್ತು ಖಾಸಗಿ ನೆಲೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಈ ಬರಹದ ಉದ್ದೇಶ.

ಹೋಲಿಸುವಾಗ ನಾನು ಮುಂದಿಡುವ ಅಳತೆ ಒಂದೇ. ಆ ಜಾಗಕ್ಕೆ ಮಗು ವಾರಕ್ಕೊಮ್ಮೆಯಾದರೂ ಹೋಗಿಬರಲು ಸಾಧ್ಯವೇ, ಮತ್ತು ಅಲ್ಲಿರುವ ಯಾರಾದರೂ ಮಗುವಿನ ಗುರುತು ಹಿಡಿಯುತ್ತಾರೆಯೇ? ಸಂಗ್ರಹ ಎಷ್ಟು ದೊಡ್ಡದು, ಕಟ್ಟಡ ಎಷ್ಟು ಚೆಂದ ಎಂಬುದು ಆಮೇಲಿನ ಮಾತು. ಎರಡು ಬಸ್ಸು ಬದಲಿಸಿ ತಲುಪಬೇಕಾದ ಭವ್ಯ ಗ್ರಂಥಾಲಯಕ್ಕಿಂತ ನಡೆದುಹೋಗಬಹುದಾದ ಸಾಧಾರಣ ಶಾಖೆಯೇ ವರ್ಷದ ಕೊನೆಗೆ ಹೆಚ್ಚು ಓದಿಸಿರುತ್ತದೆ.

ನಗರದ ಸರ್ಕಾರಿ ಗ್ರಂಥಾಲಯಗಳು

ಮೊದಲ ಆಯ್ಕೆಯಾಗಿ ಸಾರ್ವಜನಿಕ ಗ್ರಂಥಾಲಯವನ್ನೇ ನೋಡಿ ಎನ್ನಲು ಒಂದು ಲೌಕಿಕ ಕಾರಣವೂ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನು ವಸೂಲಿ ಮಾಡಲಾಗುತ್ತದೆ. ಅಂದರೆ ನಿಮ್ಮ ಪಾಲಿನ ಹಣ ಅಲ್ಲಿಗೆ ಆಗಲೇ ಸಂದಿದೆ. ಪುಸ್ತಕ ಎರವಲು ಪಡೆಯಲು ವಿಳಾಸದ ದಾಖಲೆ ಮತ್ತು ಮರಳಿ ಸಿಗುವ ಸಣ್ಣ ಠೇವಣಿ ಸಾಕಾಗುತ್ತದೆ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ 1915ರಿಂದ ಇರುವ ಸಂಸ್ಥೆ. ಹನ್ನೆರಡು, ಹದಿಮೂರು ದಾಟಿದ, ಒಂದು ವಿಷಯದ ಬೆನ್ನು ಹತ್ತಿರುವ ಮಗುವಿಗೆ ಅದು ಒಳ್ಳೆಯ ಜಾಗ. ಏಳೆಂಟು ವರ್ಷದ ಮಗುವಿಗೆ ಅಲ್ಲಿನ ಮೌನ ಹೊರೆಯಾಗುವುದೇ ಹೆಚ್ಚು. ಆ ವಯಸ್ಸಿಗೆ ಬಡಾವಣೆಯ ಶಾಖಾ ಗ್ರಂಥಾಲಯವೇ ಸೂಕ್ತ.

ಆದರೆ ಶಾಖೆಯೊಳಗೆ ಮೊದಲ ಸಲ ಕಾಲಿಟ್ಟವರಿಗೆ ನಿರಾಸೆಯಾಗುವುದು ಸಹಜ. ಮುಂದಿನ ಕೋಣೆಯ ಉದ್ದನೆಯ ಮೇಜಿನ ಸುತ್ತ ದಿನಪತ್ರಿಕೆ ಹಂಚಿಕೊಂಡು ಓದುವ ಹಿರಿಯರು, ಒಳಗಿನ ಕೋಣೆಯಲ್ಲಿ ಕೆಎಎಸ್, ಎಫ್‌ಡಿಎ ಪರೀಕ್ಷೆಗಳ ಗೈಡುಗಳನ್ನು ಹರಡಿಕೊಂಡ ಯುವಕ ಯುವತಿಯರು. ಮಕ್ಕಳ ಪುಸ್ತಕಗಳೆಲ್ಲಿ ಎಂದು ನೋಡಿದರೆ ಮೂಲೆಯ ಗಾಜಿನ ಬೀರುವಿನಲ್ಲಿ ಬೀಗದೊಳಗೆ. ಇಲ್ಲಿಂದ ಹಿಂದಿರುಗಿಬಿಡಬೇಡಿ. ಬೀಗದ ಕೈ ಕೇಳಿ ಪಡೆಯಿರಿ. ಬೀರು ತೆರೆಸಿದರೆ ಕನ್ನಡದಲ್ಲಿ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚಿನ ಸರಕು ಇರುತ್ತದೆ: ನ್ಯಾಷನಲ್ ಬುಕ್ ಟ್ರಸ್ಟ್‌ನ ತೆಳು ಚಿತ್ರಪುಸ್ತಕಗಳು, ನವಕರ್ನಾಟಕದಂಥ ಪ್ರಕಾಶನಗಳ ವಿಜ್ಞಾನ ಮಾಲೆಗಳು, ವ್ಯಕ್ತಿಚಿತ್ರಗಳು, ಅಂಗಡಿಗಳಲ್ಲಿ ಈಗ ಸಿಗದ ಹಳೆಯ ಮುದ್ರಣಗಳು. ಕನ್ನಡ ಪ್ರಕಾಶಕರ ಪುಸ್ತಕಗಳನ್ನು ಇಲಾಖೆ ಸಗಟಾಗಿ ಕೊಳ್ಳುವುದರಿಂದ ಸಣ್ಣ ಊರಿನ ಲೇಖಕರ ಮಕ್ಕಳ ಕತೆಗಳೂ ಇಲ್ಲಿಗೆ ಬಂದು ಸೇರಿರುತ್ತವೆ. ಇಂಗ್ಲಿಷಿನ ಹೊಸ ಮಕ್ಕಳ ಪುಸ್ತಕಗಳ ವಿಚಾರದಲ್ಲಿ ಮಾತ್ರ ಶಾಖೆಗಳು ಬಡವು. ಅದನ್ನು ನಿರೀಕ್ಷಿಸಿ ಹೋಗುವುದು ವ್ಯರ್ಥ.

ಮನೆಶಾಲೆಯ ಮಗುವಿಗೆ ಇಲ್ಲಿ ಒಂದು ವಿಶೇಷ ಅನುಕೂಲವಿದೆ. ವಾರದ ದಿನಗಳ ಬೆಳಗಿನ ಹೊತ್ತು ಗ್ರಂಥಪಾಲಕರಿಗೆ ಬಿಡುವಿರುತ್ತದೆ. ಅದೇ ದಿನ, ಅದೇ ಹೊತ್ತಿಗೆ ತಪ್ಪದೆ ಬರುವ ಮಗುವನ್ನು ಅವರು ಬಹುಬೇಗ ಗುರುತಿಟ್ಟುಕೊಳ್ಳುತ್ತಾರೆ; ಹೊಸ ಪುಸ್ತಕದ ಕಟ್ಟು ಬಂದಾಗ ತಾವಾಗಿ ಹೇಳುವವರೂ ಇದ್ದಾರೆ. ಪುಸ್ತಕವನ್ನು ಮಗುವೇ ಕೇಳಲಿ, ನಮೂದಿನ ಪುಸ್ತಕದಲ್ಲಿ ಮಗುವೇ ಬರೆಯಲಿ. ವಾರದ ರಜೆ ಭಾನುವಾರದ ಬದಲು ಸೋಮವಾರ ಇರುವುದು ಸಾಮಾನ್ಯವಾದ್ದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹಳ್ಳಿಯಲ್ಲಿದ್ದರೆ

ಹಳ್ಳಿಗೆ ಹೋಗಿ ನೆಲೆಸಿ, ತೋಟ ಮಾಡುತ್ತ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಕುಟುಂಬಗಳು ಈಗ ಅಪರೂಪವಲ್ಲ. ಇಂಥವರಲ್ಲಿ ಹಲವರು ಪುಸ್ತಕಕ್ಕಾಗಿ ನಗರದತ್ತಲೇ ಮುಖ ಮಾಡುತ್ತಾರೆ. ಪಂಚಾಯಿತಿ ಕಚೇರಿಯ ಪಕ್ಕದ ಕೋಣೆಯನ್ನು ಒಮ್ಮೆ ನೋಡಿಬರುವುದು ಲೇಸು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಮರುವರ್ಷ, 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಈಗ ಇವನ್ನು ‘ಅರಿವು ಕೇಂದ್ರ’ಗಳೆಂದು ಕರೆಯುತ್ತಾರೆ, ರಾಜ್ಯದಲ್ಲಿ ಇಂಥವು 5,000ಕ್ಕೂ ಹೆಚ್ಚಿವೆ. ಹಲವೆಡೆ ಕಂಪ್ಯೂಟರ್, ಚದುರಂಗ ಮತ್ತು ಕೇರಂ ಹಲಗೆ, ಗೋಡೆಯ ಮೇಲೆ ಮಕ್ಕಳೇ ಬರೆದ ಚಿತ್ರಗಳು ಕಾಣಸಿಗುತ್ತವೆ.

ನಗರದ ಶಾಖೆಗೂ ಅರಿವು ಕೇಂದ್ರಕ್ಕೂ ಇರುವ ಮುಖ್ಯ ವ್ಯತ್ಯಾಸ ಸಂಗ್ರಹದ ಗಾತ್ರದ್ದಲ್ಲ, ಅದನ್ನು ನಡೆಸುವವರದ್ದು. ಇಲ್ಲಿ ಎಲ್ಲವೂ ಒಬ್ಬ ಮೇಲ್ವಿಚಾರಕರ ಮೇಲೆ ನಿಂತಿರುತ್ತದೆ. ಅವರು ಆಸಕ್ತರಾಗಿದ್ದರೆ ಸಂಜೆ ಶಾಲೆ ಬಿಟ್ಟ ಮೇಲೆ ಊರಿನ ಮಕ್ಕಳೆಲ್ಲ ಅಲ್ಲಿ ನೆರೆದು ಗಟ್ಟಿಯಾಗಿ ಓದುವುದು, ಕತೆ ಹೇಳುವುದು, ಒಗಟು ಬಿಡಿಸುವುದು ನಡೆಯುತ್ತದೆ. ಇಲ್ಲದಿದ್ದರೆ ಬಾಗಿಲು ತೆರೆಯುವ ಹೊತ್ತೂ ಖಾತ್ರಿಯಿರುವುದಿಲ್ಲ. ಆದುದರಿಂದ ಸಂಗ್ರಹ ನೋಡಲು ಬೆಳಿಗ್ಗೆ ಹೋದರೂ ಸದಸ್ಯತ್ವದ ಕುರಿತು ತೀರ್ಮಾನಿಸುವ ಮುನ್ನ ಸಂಜೆಯೊಮ್ಮೆ ಹೋಗಿ ನೋಡಿ. ಮನೆಯಲ್ಲೇ ಕಲಿಯುವ ಮಗುವಿಗೆ ಊರಿನ ಓರಗೆಯವರು ಸಿಗುವ ಸಹಜ ಜಾಗ ಅದೇ ಆಗಿರಬಹುದು, ಮತ್ತು ಆ ಲಾಭ ನಗರದ ಯಾವ ಶಾಖೆಯಲ್ಲೂ ಇಷ್ಟು ಸುಲಭವಾಗಿ ದೊರೆಯದು.

ಟ್ರಸ್ಟುಗಳ ಮತ್ತು ಬಾಡಿಗೆಯ ಗ್ರಂಥಾಲಯಗಳು

ಬೆಂಗಳೂರಿನ ಬಸವನಗುಡಿಯಲ್ಲಿ 1945ರಲ್ಲಿ ಸ್ಥಾಪನೆಯಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಗ್ರಂಥಾಲಯಕ್ಕೆ ಮಕ್ಕಳ ವಿಭಾಗವೂ ಇದೆ. ಅದೇ ವರ್ಷ ಡಿ.ವಿ.ಜಿ. ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಗ್ರಂಥಾಲಯ ದೊಡ್ಡ ಮಕ್ಕಳಿಗೆ ಮತ್ತು ಕಲಿಸುವ ತಂದೆತಾಯಿಗೆ ಉಪಯುಕ್ತ. ಉಪನ್ಯಾಸ, ಗಮಕ, ಸಂಗೀತದ ಕಾರ್ಯಕ್ರಮಗಳು ಇಂಥ ಸಂಸ್ಥೆಗಳ ದೊಡ್ಡ ಆಸ್ತಿ. ದಕ್ಷಿಣ ಬೆಂಗಳೂರಿನವರಿಗೆ ಇವು ಸರ್ಕಾರಿ ಶಾಖೆಗೆ ಸಮನಾದ ಆಯ್ಕೆಗಳು. ವೈಟ್‌ಫೀಲ್ಡಿನಿಂದ ಯಾರಾದರೂ ವಾರವಾರ ಇಲ್ಲಿಗೆ ಬರುವೆವೆಂದರೆ ನಾನು ನಂಬುವುದಿಲ್ಲ.

ತಿಂಗಳ ಚಂದಾ ಪಡೆದು ಮನೆಗೇ ಪುಸ್ತಕ ತಲುಪಿಸುವ ಖಾಸಗಿ ಗ್ರಂಥಾಲಯಗಳ ಬಲ ಇಂಗ್ಲಿಷ್ ಮಕ್ಕಳ ಸಾಹಿತ್ಯದಲ್ಲಿದೆ. ಕನ್ನಡದ ಕಪಾಟು ಅಲ್ಲಿ ಹೆಸರಿಗಷ್ಟೇ ಇರುತ್ತದೆ. ಮನೆಯಲ್ಲಿ ಕನ್ನಡವೇ ಆಡುನುಡಿಯಾಗಿದ್ದು ಇಂಗ್ಲಿಷ್ ಓದಿಗೆ ಆಸರೆ ಬೇಕೆನ್ನುವವರು ಈ ಚಂದಾವನ್ನು ಪರಿಗಣಿಸಬಹುದು. ಚಂದಾ ಕಟ್ಟುವ ಮೊದಲು ಏಕಕಾಲಕ್ಕೆ ಎಷ್ಟು ಪುಸ್ತಕ, ಬದಲಾವಣೆಗೆ ಮಿತಿಯಿದೆಯೇ, ಠೇವಣಿ ಹಿಂದಿರುಗಿಸುವ ಕ್ರಮವೇನು ಎಂಬುದನ್ನು ಬರಹದಲ್ಲಿ ಪಡೆಯಿರಿ. ಮೂರು ವರ್ಷದ ಚಂದಾವನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂಬ ಆಮಿಷಕ್ಕೆ ಬೀಳುವುದು ಬೇಡ. ಮಕ್ಕಳ ಓದಿನ ರುಚಿ ಅಷ್ಟು ದೀರ್ಘಕಾಲ ಒಂದೇ ಕಪಾಟಿಗೆ ಅಂಟಿಕೊಂಡಿರುವುದಿಲ್ಲ.

ಅಂತರ್ಜಾಲದ ಸಂಗ್ರಹಗಳು

ಉಚಿತವಾಗಿ ಸಿಗುವುದು ಬಹಳವಿದೆ, ಎಲ್ಲವೂ ಎಲ್ಲ ವಯಸ್ಸಿಗಲ್ಲ. ಓದಲು ಕಲಿಯುತ್ತಿರುವ ಮಗುವಿಗೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ಗೆ ಸಮನಾದದ್ದು ಕನ್ನಡದಲ್ಲಿ ಇನ್ನೊಂದಿಲ್ಲ. ಕತೆಗಳನ್ನು ನಾಲ್ಕು ಓದಿನ ಹಂತಗಳಲ್ಲಿ ವಿಂಗಡಿಸಲಾಗಿದೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಮುದ್ರಿಸಲೂ ಅಡ್ಡಿಯಿಲ್ಲ, ಒಂದೇ ಕತೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಕ್ಕಪಕ್ಕ ಇಟ್ಟು ಓದಿಸಬಹುದು. ಇದೇ ಕಾರಣಕ್ಕೆ ಕನ್ನಡ ಪುಸ್ತಕದಂಗಡಿಯೇ ಇಲ್ಲದ ಊರುಗಳಲ್ಲಿರುವ ಹೊರನಾಡ ಮತ್ತು ಹೊರದೇಶದ ಕನ್ನಡಿಗರಿಗೂ ಇದು ಮೊದಲ ಆಸರೆ. ಆದರೆ ಪರದೆಯ ಮೇಲೆ ಹತ್ತು ಕತೆ ತೋರಿಸುವುದಕ್ಕಿಂತ ಎರಡನ್ನು ಮುದ್ರಿಸಿ, ಮಡಿಚಿ, ಮಗುವಿನ ಕೈಯಲ್ಲೇ ದಾರ ಹಾಕಿಸಿ ಹೊಲಿದು ಪುಸ್ತಕವಾಗಿಸುವುದು ಹೆಚ್ಚು ಫಲ ಕೊಡುತ್ತದೆ.

ಹತ್ತು ವರ್ಷದ ಮೇಲಿನವರಿಗೆ ಬೇರೆ ಸಂಗ್ರಹಗಳು ಬೇಕಾಗುತ್ತವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ನಿಘಂಟುಗಳಿವೆ, ರಾಜ್ಯ ಸರ್ಕಾರದ ‘ಕಣಜ’ದಲ್ಲಿ ವಿಷಯವಾರು ಬರಹಗಳಿವೆ. ಅರವಿಂದ ಗುಪ್ತ ಅವರ ಕಸದಿಂದ ಆಟಿಕೆ ಮಾಡುವ ಕಿರುಚಿತ್ರಗಳು ಕನ್ನಡದಲ್ಲೂ ದೊರೆಯುತ್ತವೆ. ಹಳೆಯ ಬೆಂಕಿಪೊಟ್ಟಣ, ಸೈಕಲ್ಲಿನ ವಾಲ್ವ್ ಟ್ಯೂಬು, ಹೀರುಗೊಳವೆಗಳಷ್ಟೇ ಸಾಮಗ್ರಿಯಾದ್ದರಿಂದ ಪ್ರಯೋಗಾಲಯವಿಲ್ಲವೆಂಬ ಚಿಂತೆ ಅರ್ಧ ಕಡಿಮೆಯಾಗುತ್ತದೆ. ಕಲಿಸುವ ತಂದೆತಾಯಿಗಾಗಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ‘ಐ ವಂಡರ್’ ವಿಜ್ಞಾನ ಶಿಕ್ಷಣ ಪತ್ರಿಕೆಯ ಕನ್ನಡ ಸಂಚಿಕೆಗಳಿವೆ. ಮುದ್ರಿತ ಪತ್ರಿಕೆಯೊಂದನ್ನು ತರಿಸುವುದಾದರೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ವನ್ನು ನೋಡಿ, ಮಗುವಿನ ಹೆಸರಿಗೆ ಅಂಚೆಯಲ್ಲಿ ಬರುವ ಪತ್ರಿಕೆಗೆ ಮನೆಯಲ್ಲಿ ಸಿಗುವ ಮರ್ಯಾದೆಯೇ ಬೇರೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ತೆರೆದ ಡಿಜಿಟಲ್ ಗ್ರಂಥಾಲಯಕ್ಕೆ ಉಚಿತವಾಗಿ ಹೆಸರು ನೋಂದಾಯಿಸಿಕೊಳ್ಳಬಹುದು.

ಮುಟ್ಟಿ ನೋಡುವ ವಿಜ್ಞಾನ

ಇಲ್ಲಿ ಆಯ್ಕೆ ಬಹುಮಟ್ಟಿಗೆ ನೀವು ಯಾವ ಊರಿನಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ. ಮಂಗಳೂರಿನವರಿಗೆ ಪಿಲಿಕುಳದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ, ತಾರಾಲಯ, ಜೈವಿಕ ಉದ್ಯಾನ ಎಲ್ಲವೂ ಒಂದೇ ಆವರಣದ ಸುತ್ತಮುತ್ತ ಇವೆ. ಧಾರವಾಡದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ, ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಮೈಸೂರಿನವರಿಗೆ ಕಾರಂಜಿ ಕೆರೆಯ ದಂಡೆಯ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ ಒಂದು ಭಾಗ್ಯ; ಒಳಗೆ ಪಶ್ಚಿಮ ಘಟ್ಟದ ಮಾದರಿಗಳನ್ನು ನೋಡಿ ಹೊರಬಂದರೆ ಕೆರೆಯ ಜೀವಂತ ಹಕ್ಕಿಗಳು ಎದುರಿಗಿರುತ್ತವೆ.

ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಮತ್ತು ಜವಾಹರಲಾಲ್ ನೆಹರು ತಾರಾಲಯಗಳ ನಡುವೆ ಆರಿಸಬೇಕಾಗಿ ಬಂದರೆ ವಯಸ್ಸನ್ನು ನೋಡಿ ನಿರ್ಧರಿಸಿ. ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯ ಆರು ವರ್ಷದವರಿಂದ ಹಿಡಿದು ಎಲ್ಲರಿಗೂ ಒಗ್ಗುತ್ತದೆ. ಅಲ್ಲಿನ ಎಂಜಿನ್ ವಿಭಾಗದಲ್ಲಿ ಅಡ್ಡ ಸೀಳಿ ಇಟ್ಟ ಎಂಜಿನ್ನಿನ ಎದುರು ನಿಂತು ಗುಂಡಿ ಒತ್ತಿದ ಮಗು, ಕೊಂತ (ಪಿಸ್ಟನ್) ಮೇಲೇರುವಾಗ ಯಾವ ಕವಾಟ ಮುಚ್ಚಿತು, ಕೆಳಗಿಳಿಯುವಾಗ ಯಾವುದು ತೆರೆಯಿತು ಎಂಬುದನ್ನು ಬೆರಳಿಟ್ಟು ಹೇಳುವಷ್ಟು ಹೊತ್ತು ಅಲ್ಲೇ ನಿಲ್ಲಬೇಕು. ಶಾಲಾ ಪ್ರವಾಸದ ಸಾಲಿನಲ್ಲಿ ಬಂದ ಮಕ್ಕಳಿಗೆ ಒಬ್ಬೊಬ್ಬರಿಗೆ ಸಿಗುವುದು ಒಂದೇ ಒತ್ತು, ಆಮೇಲೆ ಹಿಂದಿನವರ ನೂಕು. ಮನೆಶಾಲೆಯವರು ಒಂದು ದಿನಕ್ಕೆ ಒಂದೇ ವಿಭಾಗ ನೋಡಿ ಹಿಂದಿರುಗಬಹುದು. ಟಿಕೆಟ್ಟಿನ ಹಣ ವಸೂಲಾಗಲೆಂದು ಎಲ್ಲ ಮಹಡಿಗಳನ್ನೂ ಸುತ್ತಿಸುವುದು ಮಗುವನ್ನು ದಣಿಸುತ್ತದೆ ಅಷ್ಟೆ.

1989ರಲ್ಲಿ ಆರಂಭವಾದ ತಾರಾಲಯದ ಕನ್ನಡ ಪ್ರದರ್ಶನ ಚಿಕ್ಕವರಿಗೂ ಹಿಡಿಸುತ್ತದೆಯಾದರೂ ಅದರ ನಿಜವಾದ ಸತ್ವ ಇರುವುದು ಪ್ರೌಢಶಾಲೆಯ ವಯಸ್ಸಿನವರಿಗಾಗಿ ವಾರಾಂತ್ಯದಲ್ಲಿ ನಡೆಸುವ ವಿಜ್ಞಾನ ತರಗತಿಗಳಲ್ಲಿ. ಭೌತವಿಜ್ಞಾನವನ್ನು ಮನೆಯಲ್ಲಿ ಕಲಿಸಲು ಅಂಜುವ ತಂದೆತಾಯಿ ಮೊದಲು ವಿಚಾರಿಸಬೇಕಾದದ್ದು ಇದನ್ನು. ಅರ್ಜಿಯಲ್ಲಿ ತರಗತಿ, ಶಾಲೆಯ ಹೆಸರು ಕೇಳಿದಾಗ ಮಗುವಿನ ವಯಸ್ಸಿಗೆ ತಕ್ಕ ತರಗತಿಯನ್ನು ಬರೆದು, ಮನೆಯಲ್ಲೇ ಕಲಿಯುತ್ತಿರುವುದನ್ನು ಮುಚ್ಚಿಡದೆ ತಿಳಿಸಿ. ವರ್ಷಕ್ಕೊಮ್ಮೆ ಭಾರತೀಯ ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ, ನವೆಂಬರಿನಲ್ಲಿ ಸಾಮಾನ್ಯವಾಗಿ ನಡೆಯುವ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳ, ಇವು ಹೋಗಿಬರಲು ಯೋಗ್ಯ. ಆದರೆ ವರ್ಷಕ್ಕೊಮ್ಮೆ ಬರುವುದನ್ನು ಕಲಿಕೆಯ ಆಧಾರವೆಂದು ಲೆಕ್ಕಕ್ಕೆ ಹಿಡಿಯಬೇಡಿ.

ಒಡನಾಟ ಎಲ್ಲಿ?

ಓದು, ಉಪಕರಣ, ಒಡನಾಟ, ಪರೀಕ್ಷೆ ಈ ನಾಲ್ಕರಲ್ಲಿ ಕಷ್ಟದ್ದು ಇದು. ನೆಂಟರು ಮತ್ತೆಮತ್ತೆ ಕೇಳುವ ಪ್ರಶ್ನೆಯೂ ಇದೇ. ಮನೆಶಾಲೆಯ ಕುಟುಂಬಗಳದೇ ಬಳಗಗಳು ಬೆಂಗಳೂರು, ಮೈಸೂರುಗಳಲ್ಲಿವೆ; ಅಖಿಲ ಭಾರತ ಮಟ್ಟದಲ್ಲಿ ‘ಸ್ವಶಿಕ್ಷಣ’ ಎಂಬ ಸಂಘವಿದೆ. ಅನುಭವ ಹಂಚಿಕೊಳ್ಳಲು, ಪುಸ್ತಕ ಕೈಬದಲಿಸಲು, ಹದಿನೈದು ಮಕ್ಕಳ ಗುಂಪು ಕಟ್ಟಿ ವಸ್ತುಸಂಗ್ರಹಾಲಯದ ಗುಂಪು ಕಾರ್ಯಕ್ರಮಕ್ಕೆ ಹೆಸರು ಕೊಡಲು ಇವು ಬಹಳ ಉಪಯುಕ್ತ. ಆದರೆ ಮಗುವಿನ ಗೆಳೆತನಕ್ಕೆ ಇಂಥ ಬಳಗವೊಂದನ್ನೇ ನೆಚ್ಚಿಕೊಂಡರೆ ತಿಂಗಳಿಗೊಮ್ಮೆ ನಗರದ ಇನ್ನೊಂದು ತುದಿಯಲ್ಲಿ ಕಂಡು ಬೀಳ್ಕೊಳ್ಳುವ ಪರಿಚಯವಷ್ಟೇ ಉಳಿಯುತ್ತದೆ. ಬಳಗ ದೊಡ್ಡವರ ಆಸರೆ; ಮಗುವಿಗೆ ಬೇಕಾದದ್ದು ದಿನವೂ ಸಿಗುವ, ಬೇರೆ ಬೇರೆ ಮನೆಗಳಿಂದ ಬಂದ ಓರಗೆಯವರು.

ಅದಕ್ಕೆ ಬಡಾವಣೆಯ ಆಟದ ಮೈದಾನ, ಈಜುಕೊಳ, ಸಂಗೀತ ಅಥವಾ ಯಕ್ಷಗಾನದ ತರಗತಿ ಇವೇ ಉತ್ತಮ. ಇವುಗಳ ಜೊತೆಗೆ ಎರಡು ಅವಕಾಶಗಳನ್ನು ಹೆಸರಿಸಬೇಕು. ಎನ್‌ಸಿಸಿ ವಿದ್ಯಾಸಂಸ್ಥೆಗಳ ಮೂಲಕವೇ ನಡೆಯುವುದರಿಂದ ಮನೆಶಾಲೆಯ ಮಗುವಿಗೆ ಆ ಬಾಗಿಲು ಮುಚ್ಚಿದೆ. ಆದರೆ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಯಾವ ಶಾಲೆಗೂ ಸೇರದ ಮುಕ್ತ ದಳಗಳಿಗೆ ಅವಕಾಶವಿದೆ, ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿದರೆ ಹತ್ತಿರದ ದಳ ತಿಳಿಯುತ್ತದೆ. ಇನ್ನೊಂದು ಮಕ್ಕಳ ವಿಜ್ಞಾನ ಸಮಾವೇಶ. ರಾಜ್ಯದಲ್ಲಿ ವಿಜ್ಞಾನ ಪರಿಷತ್ತು ಸಂಘಟಿಸುತ್ತ ಬಂದಿರುವ ಇದರಲ್ಲಿ 10ರಿಂದ 17 ವರ್ಷದ ಮಕ್ಕಳು ಸ್ಥಳೀಯ ಸಮಸ್ಯೆಯೊಂದರ ಕುರಿತು ಅಧ್ಯಯನ ಮಾಡಿ ಮಂಡಿಸುತ್ತಾರೆ. ಶಾಲೆಯ ಹೊರಗಿರುವ ಮಕ್ಕಳಿಗೂ ನಿಯಮದಲ್ಲಿ ಅವಕಾಶವಿದೆಯೆಂಬುದು ಹಲವು ಪೋಷಕರಿಗೆ ಗೊತ್ತಿಲ್ಲ.

ಬೇಸಿಗೆಯಲ್ಲಿ ಮೈಸೂರಿನ ರಂಗಾಯಣ ನಡೆಸುವ ‘ಚಿಣ್ಣರ ಮೇಳ’ದಂಥ ಶಿಬಿರಗಳು ಸಾವಿರ ಮಾತಿನಿಂದಲೂ ಹೋಗದ ಸಂಕೋಚವನ್ನು ಕಳೆಯಬಲ್ಲವು. ಪೇಟೆಯ ಹವಾನಿಯಂತ್ರಿತ ಶಿಬಿರಗಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇಲ್ಲಿ ಮಗು ತಿಂಗಳು ಹತ್ತಿರ ಅದೇ ಗುಂಪಿನೊಡನೆ ಹಾಡಿ, ಕುಣಿದು, ಕೊನೆಗೊಂದು ನಾಟಕವಾಡಿ ಹೊರಬರುತ್ತದೆ.

ಖರ್ಚಿಲ್ಲದ, ಮನೆಯ ಅಂಗಳದಿಂದಲೇ ದೊಡ್ಡ ಬಳಗಕ್ಕೆ ಸೇರುವ ದಾರಿಯೂ ಒಂದಿದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿಗಣತಿಯಲ್ಲಿ ಯಾರು ಬೇಕಾದರೂ ಪಾಲ್ಗೊಳ್ಳಬಹುದು. ಹದಿನೈದು ನಿಮಿಷ ಒಂದೆಡೆ ಕುಳಿತು ಕಂಡ, ಕೇಳಿದ ಹಕ್ಕಿಗಳನ್ನೆಲ್ಲ ಬರೆದು ಇ-ಬರ್ಡ್ ತಾಣಕ್ಕೆ ಸೇರಿಸಬೇಕು. ಗೊರವಂಕ ನಾಲ್ಕು, ಪಿಕಳಾರ ಎರಡು, ದಾಸವಾಳದ ಗಿಡದಲ್ಲಿ ಸೂರಕ್ಕಿ ಒಂದು, ಕಾಣದಿದ್ದರೂ ಕೂಗಿದ ಕೆಂಬೂತ ಒಂದು ಎಂದು ಬರೆದ ಪಟ್ಟಿ ವಿಜ್ಞಾನಿಗಳು ಬಳಸುವ ದತ್ತಾಂಶದ ಭಾಗವಾಗುತ್ತದೆ. ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ‘ಸೀಸನ್‌ವಾಚ್’ ಇದಕ್ಕಿಂತ ನಿಧಾನದ್ದು: ಒಂದು ಮರವನ್ನು ಆರಿಸಿಕೊಂಡು ಅದರ ಚಿಗುರು, ಹೂವು, ಕಾಯಿಗಳನ್ನು ವಾರವಾರವೂ ದಾಖಲಿಸಬೇಕು. ಚಂಚಲ ಸ್ವಭಾವದ ಮಗುವಿಗೆ ಗಣತಿ, ಪಟ್ಟು ಹಿಡಿಯುವ ಮಗುವಿಗೆ ಮರ. ಹೊಂಗೆಯನ್ನಾದರೂ ಮಾವನ್ನಾದರೂ ಆರಿಸುವ ಹಕ್ಕು ಮಗುವಿನದೇ ಇರಲಿ.

ಪರೀಕ್ಷೆ ಮತ್ತು ಕಾನೂನು

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯವೆನ್ನುತ್ತದೆ. ಮನೆಶಾಲೆಗೆ ಅದರಲ್ಲಿ ಸ್ಪಷ್ಟ ಮಾನ್ಯತೆಯಿಲ್ಲ, ಸೇರಿಸದ ಪೋಷಕರಿಗೆ ದಂಡನೆಯನ್ನೂ ಅದು ವಿಧಿಸಿಲ್ಲ. ಈ ಮಸುಕು ಸ್ಥಿತಿಯಲ್ಲಿ ಮಗುವಿನ ಓದಿನ ದಾಖಲೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದು ಜಾಣತನ. ಗ್ರಂಥಾಲಯದ ಕಾರ್ಡು, ಓದಿದ ಪುಸ್ತಕಗಳ ಪಟ್ಟಿ, ಶಿಬಿರದ ಪ್ರಮಾಣಪತ್ರ, ಸೀಸನ್‌ವಾಚ್‌ನ ದಾಖಲೆ ಎಲ್ಲವೂ ಒಂದೇ ಕಡತದಲ್ಲಿರಲಿ. ಮುಂದೆ ಮಗು ಶಾಲೆಗೆ ಸೇರಬಯಸಿದರೂ ಅದು ನೆರವಾಗುತ್ತದೆ.

ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, ಹೆಚ್ಚಿನವರು ಹಿಡಿಯುವ ದಾರಿ. ಅದರ ಮುಕ್ತ ಮೂಲ ಶಿಕ್ಷಣದ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5 ಮತ್ತು 8ನೇ ತರಗತಿಗೆ ಸಮಾನ. 14 ತುಂಬಿದವರು ನೇರವಾಗಿ ಹತ್ತನೇ ತರಗತಿಯ ಮಟ್ಟದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ನೋಂದಣಿ ಐದು ವರ್ಷ ಊರ್ಜಿತವಾಗಿರುವುದರಿಂದ ಐದು ವಿಷಯಗಳನ್ನು ಒಂದೇ ಸಲ ಬರೆಯಬೇಕಿಲ್ಲ, ಒಂದೊಂದಾಗಿ ಮುಗಿಸಬಹುದು. ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದ, ಎಲ್ಲ ವಿಷಯಗಳನ್ನೂ ಒಟ್ಟಿಗೆ ಬರೆಯಲು ಸಿದ್ಧವಿರುವ ಮಗುವಿಗೆ ಅದು ಹೆಚ್ಚು ಪರಿಚಿತವಾದದ್ದು. ವಿಜ್ಞಾನವನ್ನು ಎನ್‌ಐಒಎಸ್‌ನಲ್ಲಿ ಆರಿಸಿಕೊಂಡರೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಆದುದರಿಂದ ನೋಂದಣಿಯ ವೇಳೆ ಅಧ್ಯಯನ ಕೇಂದ್ರವನ್ನು ಆರಿಸುವಾಗ ಮನೆಗೆ ಹತ್ತಿರವಿದೆಯೇ ಎಂಬುದರ ಜೊತೆಗೆ ಅಲ್ಲಿ ಪ್ರಯೋಗಾಲಯ ನಿಜವಾಗಿಯೂ ನಡೆಯುತ್ತಿದೆಯೇ ಎಂಬುದನ್ನು ಖುದ್ದಾಗಿ ಹೋಗಿ ನೋಡಿಯೇ ಹೆಸರು ಬರೆಸಿ.